ಹಳೇ ಒಡ್ಡು ಮತ್ತು ಕಥೆ ಕೇಳುವ ಹೆಗ್ಗಣ

ಹೊಳೆಗೂ ಊರಿಗೂ ನಡುವೆ ರಾಜರ ಕಾಲದ ಮಣ್ಣಿನ ಒಡ್ಡೊಂದು ಮಲಗಿತ್ತು. ಹಿಂದೆಲ್ಲ ಮಳೆಗಾಲಕ್ಕೆ ಮುಂಚೆ ಊರವರು ಅದರ ಮೇಲೆ ಹೊಸ ಮಣ್ಣು ಸುರಿದು, ಕುರಿಮಂದೆ ಹಾಯಿಸಿ ತುಳಿಸುತ್ತಿದ್ದರು. ಹೊಳೆ ಬಡವಾದ ಮೇಲೆ ಆ ಪದ್ಧತಿ ನಿಂತಿತು. ಅಂದು ಗೊರಸಿನ ಪೆಟ್ಟಿಗೆ ಗೊಣಗುತ್ತಿದ್ದ ಒಡ್ಡಿಗೆ ಈಗ ಆ ಪೆಟ್ಟಿನ ನೆನಪೇ ಸಿಹಿ. ಆ ಹಳೇ ಕಥೆ ಕೇಳಲು ಒಂದು ಹೆಗ್ಗಣ ಮಾತ್ರ ಬರುತ್ತಿತ್ತು.

“ಆಮೇಲೇನಾಯ್ತಜ್ಜ?” ಎನ್ನುತ್ತ ಅದು ಮಣ್ಣು ಕೆದರಿ ಒಳಗೊಳಗೇ ಸರಿಯುತ್ತಿತ್ತು. ಒಡ್ಡು ಹಿಗ್ಗಿ ಹೇಳುತ್ತಿತ್ತು.

ಒಂದು ದಿನ ಕುರುಬರ ಮಾಳಿಂಗನ ನಾಯಿ ಅಲ್ಲಿ ಹಾಯುತ್ತ ಮೂಗು ಊರಿ ನಿಂತಿತು. “ಅಜ್ಜ, ನಿನ್ನ ಹೊಟ್ಟೆಯೆಲ್ಲ ಬಿಲವಾಗಿದೆ. ಬೊಗಳಿ ನಮ್ಮ ಯಜಮಾನನನ್ನು ಕರೆಯಲೇ? ಹೆಗ್ಗಣವನ್ನು ಓಡಿಸಿ, ಮಂದೆ ಹಾಯಿಸಿ ತುಳಿಸುತ್ತಾನೆ.”

“ಸುಮ್ಮನಿರಪ್ಪ,” ಎಂದಿತು ಒಡ್ಡು. “ನನ್ನ ಮಾತು ಕೇಳುವುದು ಆ ಹೆಗ್ಗಣವೊಂದೇ. ಅದನ್ನೂ ಓಡಿಸಬೇಡ.”

“ನಿನ್ನ ಹಣೆಬರಹ,” ಎಂದು ನಾಯಿ ಮಂದೆಯ ಹಿಂದೆ ಹೋಯಿತು.

ಆ ಮಳೆಗಾಲ ಹೊಳೆ ಕೆಂಪಾಗಿ ಉಕ್ಕಿ ಬಂತು. ಹೆಗ್ಗಣ ಮರಿಗಳನ್ನು ಕಚ್ಚಿಕೊಂಡು, ಹೇಳದೆ ಕೇಳದೆ ದಿನ್ನೆ ಹತ್ತಿತು. ಎದೆಮಟ್ಟ ನೀರು ಬಂದರೂ ಒಡ್ಡಿಗೆ ಹಳೇ ಗುರುತಿನ ಮುಖ ಕಂಡ ಖುಷಿ. “ಬಾ ತಾಯಿ, ನೆನಪಿದೆಯಾ? ರಾಜರ ಕಾಲದಲ್ಲಿ ನೀನು ಇದಕ್ಕಿಂತ ಜೋರಾಗಿ ಬಂದಿದ್ದೆ, ನಾನು ತಡೆದು ನಿಲ್ಲಿಸಿದ್ದೆ.”

“ನೆನಪಿಲ್ಲದೇನು, ನಾನೂ ಅಲ್ಲೇ ಇದ್ದೆನಲ್ಲ,” ಎಂದಿತು ಹೊಳೆ. “ಅದಿರಲಿ, ಈ ವರ್ಷ ಏನು ಮಾಡುತ್ತೀ?”

ಒಡ್ಡು ಉತ್ತರ ಹುಡುಕುವಷ್ಟರಲ್ಲಿ ಹೊಳೆ ಬಿಲದ ಬಾಯಿ ಹುಡುಕಿಕೊಂಡು ಊರೊಳಗೆ ಇಳಿದಿತ್ತು.