ಮೀಸೆ ತೆಗೆಸಲು ಬಂದವನು

"ಗುರುಗಳೇ, ನಾನು ಹುಟ್ಟಿ ಬೆಳೆದ ಊರಿನ ಮೇಲೆ ಉಗ್ರರು ದಾಳಿ ಮಾಡಿದರು. ಅಂದಿನಿಂದ ಎದುರಾದವರನ್ನೆಲ್ಲ ಅನುಮಾನದಿಂದ ನೋಡುತ್ತಿದ್ದೇನೆ. ಊರನ್ನು ಕಾಯಬೇಕಾದರೆ ಹಾಗೆ ನೋಡಲೇಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ದೊಡ್ಡ ಊರಿನ ಪೇಟೆಯಲ್ಲಿ ಒಬ್ಬ ಕ್ಷೌರಿಕನಿದ್ದ. ಆ ಊರೆಂದರೆ ಅವನಿಗೆ ಪ್ರಾಣ. ಒಂದು ಬೆಳಿಗ್ಗೆ ಯಾರೋ ಪೇಟೆಯಲ್ಲೊಂದು ಗಂಟು ಇಟ್ಟುಹೋದರು. ಅದು ಸಿಡಿದು ಬಹಳ ಜನ ಸತ್ತರು. ಎದುರು ಅಂಗಡಿಯ ಬಳೆಗಾರನೂ ಸತ್ತ. ಅವನು ಕ್ಷೌರಿಕನ ಬಾಲ್ಯದ ಗೆಳೆಯ. ಗಾಜಿನ ಚೂರುಗಳ ನಡುವಿನಿಂದ ಅವನನ್ನು ಎತ್ತಿದ್ದು ಇವನೇ.

ಆ ಗಂಟು ಇಟ್ಟವನು ನನ್ನ ಕಣ್ಣೆದುರೇ ಹಾದುಹೋಗಿರಬೇಕು, ನಾನು ನೋಡಲಿಲ್ಲ ಎಂಬ ಕೊರಗು ಕ್ಷೌರಿಕನಿಗೆ ಹತ್ತಿಕೊಂಡಿತು. ಇನ್ನು ಹಾಗಾಗಬಾರದೆಂದು ಬಂದವರನ್ನೆಲ್ಲ ವಿಚಾರಿಸತೊಡಗಿದ. ಯಾವ ಬೀದಿ, ಯಾರ ಮಗ, ಚೀಲದಲ್ಲಿ ಏನು? ಗುರುತಿಲ್ಲದವರನ್ನು ಕ್ಷೌರ ಮಾಡದೆ ಕಳಿಸಿದ. ಗುರುತಿದ್ದವರು ಸುಮ್ಮನೆ ಕೂತರೂ ಇವರೇಕೆ ಮಾತಾಡುತ್ತಿಲ್ಲ ಎಂದುಕೊಂಡ.

ಗಂಟು ಸಿಡಿದ ಒಂಬತ್ತನೆಯ ದಿನ ಒಬ್ಬ ಪರವೂರಿನವನು ಬಂದ. ಕಂಕುಳಲ್ಲಿ ಗಂಟಿತ್ತು.

"ತಲೆ, ಗಡ್ಡ, ಮೀಸೆ ಎಲ್ಲ ತೆಗೆಯಬೇಕು ಅಣ್ಣ" ಎಂದ.

ಹೆತ್ತವರನ್ನು ಕಳೆದುಕೊಂಡವರ ತಲೆ ಮೀಸೆಗಳನ್ನು ಕ್ಷೌರಿಕ ಮೂವತ್ತು ವರ್ಷ ತೆಗೆದಿದ್ದ. ಅಂದು ಅದು ನೆನಪಾಗಲಿಲ್ಲ. ಗುರುತು ಮರೆಸಿಕೊಳ್ಳಲು ಬಂದಿದ್ದಾನೆ ಅನ್ನಿಸಿತು. ಕಳಿಸಿದರೆ ತಪ್ಪಿಸಿಕೊಳ್ಳುತ್ತಾನೆ ಎಂದು ಕೂರಿಸಿಕೊಂಡ. ಅವನು ಗಂಟನ್ನು ಕಾಲ ಬಳಿ ಇಟ್ಟುಕೊಂಡ. ಅರ್ಧ ತಲೆ ಆಗುವಷ್ಟರಲ್ಲಿ ಎರಡು ಸಲ ಬಗ್ಗಿ ಅದನ್ನು ಮುಟ್ಟಿ ನೋಡಿಕೊಂಡ. ಮೂರನೆಯ ಸಲ ಕೈ ಚಾಚಿದಾಗ ಕ್ಷೌರಿಕ ಕತ್ತಿಯನ್ನು ಅವನ ಕೊರಳಿಗೆ ಒತ್ತಿಹಿಡಿದು ಕೂಗಿಕೊಂಡ. ಮಂದಿ ಓಡಿಬಂದರು.

ಒಬ್ಬ ಹೆದರುತ್ತಲೇ ಗಂಟು ಬಿಚ್ಚಿದ. ಒಳಗೆ ಒಂದು ಸೀರೆಯಿತ್ತು. ಸೆರಗು ಸುಟ್ಟುಹೋಗಿತ್ತು.

"ಅವ್ವನದು. ಅವತ್ತು ಪೇಟೆಗೆ ಬಂದಿದ್ದಳು" ಎಂದ ಅವನು. "ನಾಳೆ ಕರ್ಮ. ಅವಳ ಜೀವ ಹೋದ ಬೀದಿಯಲ್ಲೇ ತಲೆ ಬೋಳಿಸಿಕೊಳ್ಳೋಣ ಅಂತ ಬಂದೆ."

ಬಂದವರು ಒಬ್ಬೊಬ್ಬರಾಗಿ ಸರಿದುಹೋದರು. ಪರವೂರಿನವನ ಕೊರಳಲ್ಲಿ ಒಂದು ಗೆರೆ ರಕ್ತ ಮೂಡಿತ್ತು. ಅವನು ಅದನ್ನು ಹೆಗಲ ವಸ್ತ್ರದಿಂದ ಒರಸಿಕೊಂಡು, ಸೀರೆಯನ್ನು ಮಡಿಸಿ ಕಟ್ಟಿ, ಮತ್ತೆ ಅದೇ ಮಣೆಯ ಮೇಲೆ ಕೂತ. ತಲೆ ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿದ.

ಕ್ಷೌರಿಕ ಕತ್ತಿ ಕೆಳಗಿಟ್ಟ. "ಬೇರೆಯವರ ಹತ್ತಿರ ಹೋಗಪ್ಪ. ನಿನ್ನ ಕೊರಳಿಗೆ ಕತ್ತಿ ಒತ್ತಿದ ಕೈ ಇದು" ಎಂದ.

"ನಿಧಾನವಾಗಿ ಮಾಡಿ ಅಣ್ಣ. ನನಗೇನೂ ಆತುರವಿಲ್ಲ" ಎಂದ ಅವನು, ಕಣ್ಣು ತೆರೆಯದೆ.

ಕ್ಷೌರಿಕ ಕತ್ತಿಯನ್ನು ಎತ್ತಿಕೊಂಡು, ಉಳಿದ ಅರ್ಧ ತಲೆಯನ್ನೂ ಗಡ್ಡ ಮೀಸೆಗಳನ್ನೂ ತೆಗೆದ.

ಇಷ್ಟು ಹೇಳಿ ಗುರುಗಳು ಶಿಷ್ಯನ ಮುಖ ನೋಡಿದರು.

"ಕತ್ತಿ ಹಿಡಿದವನು ಊರನ್ನು ಕಾದನೋ, ಮತ್ತೆ ನಂಬಿ ಕತ್ತು ಕೊಟ್ಟವನು ಕಾದನೋ?"