ಅಡ್ಡಬಿದ್ದ ಬುಗುರಿ

“ನಾನಿಲ್ಲ ಅಂತ ಮೂಲೆ ಹಿಡೀಬೇಡ್ರಿ,” ಎಂದು ಹೇಳಿ ಚಾಟಿ ತುಂಡಾದಳು. ಅವಳ ಗಂಡ ಬುಗುರಿಯಪ್ಪ ಅಂಗನವಾಡಿಯ ಆಟಿಕೆ ಬುಟ್ಟಿಯಲ್ಲಿ ಬಿದ್ದುಕೊಂಡ.

ಚೆಂಡು ಕೆಣಕಿತು. “ನಾಳೆ ಟೀಚರು ಮಕ್ಕಳಿಗೆ ಉರುಳೋದು, ಜಾರೋದು, ತಿರುಗೋದು ಕಲಿಸ್ತಾರೆ. ಹೆಂಡತಿ ಇಲ್ಲದೆ ಹೇಗೆ ತಿರುಗ್ತೀಯಪ್ಪಾ? ಕೆಲಸಕ್ಕೆ ಬಾರದ ಮರ ಒಲೆಗೇ.”

“ಉರುಳ್ತೀನಿ.”

“ಮೊಳೆ ಮೂಗಿನವನೇ, ನೆಟ್ಟಗೆ ನಾಲ್ಕಡಿ ಹೋದೀಯಾ?”

“ನೆಟ್ಟಗೆ ಹೋಗೋಕೆ ನನಗೆ ಬರಲ್ಲ,” ಎಂದ ಬುಗುರಿಯಪ್ಪ.

ಮರುದಿನ ಬೆಳಿಗ್ಗೆ ಟೀಚರು ಅವನನ್ನು ಒಲೆಗೆಂದು ನೆಲದ ಮೇಲೆ ತೆಗೆದಿಟ್ಟರು. ಚೆಂಡು ಒಂದೇ ಓಟಕ್ಕೆ ಬಾಗಿಲು ದಾಟಿತು, ಮಕ್ಕಳೆಲ್ಲ ಅದರ ಹಿಂದೆ ಓಡಿದರು. ಕಾಲಿಗೆ ಬಲವಿಲ್ಲದ ಶಾಂಭವಿ ಒಬ್ಬಳೇ ಕೂತಿದ್ದಳು. ಅವಳು ಬುಗುರಿಯಪ್ಪನನ್ನು ಮೆಲ್ಲಗೆ ತಳ್ಳಿದಳು. ಅವನು ಅಡ್ಡಬಿದ್ದೇ ಉರುಳಿದ, ತನ್ನ ಮೊಳೆಯ ಸುತ್ತಲೇ ಒಂದು ಸುತ್ತು ಹಾಕಿ ಅವಳ ಕೈಯ ಹತ್ತಿರಕ್ಕೇ ಬಂದು ನಿಂತ.