ಗೀಜಗನ ಶಾಲೆಗೆ ಬಂದ ಕಾಜಾಣ

ಗೂಡು ಕಟ್ಟುವ ಕಾಲ ಹತ್ತಿರವಾಗಿತ್ತು. ಮುದಿ ಗೀಜಗ ಮರಿಗಳಿಗೆ ನೇಯುವುದನ್ನು ಕಲಿಸುತ್ತಿದ್ದಾಗ, ಎಲ್ಲ ಹಕ್ಕಿಗಳ ಮಾತನ್ನೂ ಬಲ್ಲ ಕಾಜಾಣ ಅಲ್ಲಿಗೆ ಬಂದಿತು.

"ಅಜ್ಜ, ನನಗೆ ನೂರು ಬಗೆಯ ಗೂಡು ಗೊತ್ತು. ಒಂದೇ ದಿನದಲ್ಲಿ ಎಲ್ಲ ಹೇಳಿಕೊಡುತ್ತೇನೆ."

"ಆಗಲಿ" ಎಂದು ಗೀಜಗ ಪಕ್ಕಕ್ಕೆ ಸರಿಯಿತು.

ಕಾಜಾಣ ಸಂಜೆಯವರೆಗೂ ಒಂದೂ ತಪ್ಪಿಲ್ಲದೆ ಹೇಳಿತು. ಮರಿಗಳು ಬೆರಗಾಗಿ ಕೇಳಿದವು. ಮರುದಿನ ಹುಲ್ಲೆಳೆ ಹಿಡಿದರೆ ಒಂದಕ್ಕೂ ಮೊದಲ ಗಂಟೇ ಬರಲಿಲ್ಲ.

"ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು?" ಎಂದು ಕಾಜಾಣ ಪೆಚ್ಚಾಗಿ ಕೇಳಿತು.

"ತಪ್ಪೇನೂ ಇರಲಿಲ್ಲ. ಆದರೆ ಅವು ಮಾಡಬೇಕಾದ ಕೆಲಸವನ್ನೆಲ್ಲ ನೀನೇ ಮಾಡಿಬಿಟ್ಟೆ. ಇವತ್ತು ಒಂದೇ ಗಂಟು ತೋರಿಸೋಣ. ಕಟ್ಟಲಿ, ಬಿಚ್ಚಿಹೋಗಲಿ, ಮತ್ತೆ ಕಟ್ಟಲಿ. ತಡವರಿಸಿದಾಗ ಮಾತ್ರ ನೀನು ನೆರವಾಗು. ಇಷ್ಟು ಮರಿಗಳ ಬಳಿಗೆ ನಾನೊಬ್ಬನೇ ಹಾರಲಾರೆ."

ಕಾಜಾಣ ಒಪ್ಪಿತು. ನಾಲಿಗೆ ತುರಿಸಿದರೂ ತಡೆದುಕೊಂಡು ಕೊಂಬೆಯಿಂದ ಕೊಂಬೆಗೆ ಹಾರಿತು. ಹತ್ತು ದಿನದಲ್ಲಿ ಎಲ್ಲ ಮರಿಗಳ ಗಂಟೂ ಬಿಗಿಯಾಯಿತು.

ಆಗ ಪುಟ್ಟ ಮರಿಯೊಂದು ಕೇಳಿತು: "ಕಾಜಾಣಣ್ಣ, ಗೂಡನ್ನು ಮರದ ಯಾವ ಕಡೆ ಕಟ್ಟಲಿ?"

ಕಾಜಾಣ ಉತ್ತರ ಹೇಳಲು ಬಾಯಿ ತೆರೆದು, ತಡೆದುಕೊಂಡು ತಾನೇ ಕೇಳಿತು: "ಮಳೆಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮರಿ?"

ಮರಿ ಪಡುವಣಕ್ಕೆ ತಿರುಗಿ ನೋಡಿತು. ಆಮೇಲೆ ಹಿಗ್ಗಿನಿಂದ ಕೂಗುತ್ತ ಮೂಡಣದ ಕೊಂಬೆಗೆ ಹಾರಿತು.